ಕೈ ಪ್ರತಿ ಸಲವೂ ಬೇರೆ ದಾರಿ ಹಿಡಿಯುತ್ತದೆ: ಚಲನೆಯ ವ್ಯತ್ಯಾಸ, ಮೈಯ ಕಲಿಕೆ, ಲಕ್ವದ ನಂತರದ ಚೇತರಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿ ಓದಿ, ಕೆಲವು ವರ್ಷ ಲಕ್ವ ಹೊಡೆದವರ ಜೊತೆ ಕೆಲಸ ಮಾಡಿ, ಆಮೇಲೆ ಪಿಎಚ್‌ಡಿಗೆ ಸೇರಿದೆ. ಮದುವೆ ಮನೆಯಲ್ಲಿ ಸಿಗುವ ನೆಂಟರು, ಪ್ರಯೋಗಕ್ಕೆ ಬರುವ ಹಿರಿಯರು, ಅವರ ಮಕ್ಕಳು, ಫಿಸಿಯೋ ಓದುತ್ತಿರುವ ಹುಡುಗ ಹುಡುಗಿಯರು ಎಲ್ಲರೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಸಮಾಧಾನವಾಗಿ ಕೂತು ಉತ್ತರ ಬರೆದಿದ್ದೇನೆ.

ನಿಮ್ಮ ಸಂಶೋಧನೆ ಯಾವುದರ ಬಗ್ಗೆ?

ಹತ್ತು ತೆಳು ಹಾಳೆಗಳ ಮೇಲೆ ನಿಮ್ಮ ಸಹಿ ಹಾಕಿ. ಹತ್ತೂ ನಿಮ್ಮದೇ ಸಹಿ, ಬ್ಯಾಂಕಿನವರೂ ಒಪ್ಪುತ್ತಾರೆ. ಆದರೆ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿ. ಯಾವ ಎರಡು ಸಹಿಯೂ ಗೆರೆಗೆ ಗೆರೆ ಕೂಡುವುದಿಲ್ಲ. ಹೆಂಚಿನ ಮೇಲೆ ದೋಸೆ ಎಳೆಯುವವರ ಕೈ ನೋಡಿ, ಅಲ್ಲೂ ಹಾಗೇ. ದೋಸೆ ಗುಂಡಗೇ ಬರುತ್ತದೆ, ಕೈ ಓಡಿದ ದಾರಿ ಮಾತ್ರ ಪ್ರತಿ ಸಲವೂ ಬೇರೆ.

ಹೀಗೆ ಸಲದಿಂದ ಸಲಕ್ಕೆ ಆಗುವ ವ್ಯತ್ಯಾಸವೇ ನನ್ನ ವಿಷಯ. ಅದು ಯಾಕೆ ಇದೆ? ಹೊಸ ಕೆಲಸ ಕಲಿಯುವಾಗ ಅದು ಏನು ಮಾಡುತ್ತದೆ? ಲಕ್ವ ಹೊಡೆದ ಕೈಯಲ್ಲಿ ಅದು ಹೇಗೆ ಬದಲಾಗುತ್ತದೆ? ನನ್ನ ಪ್ರಯೋಗದಲ್ಲಿ ಜನ ಕೂತಲ್ಲಿಂದಲೇ ಕೈ ಚಾಚಿ ಒಂದು ಸ್ಟೀಲ್ ಲೋಟ ಹಿಡಿದು ಬಾಯಿಯ ಹತ್ತಿರ ತರುತ್ತಾರೆ. ಅಷ್ಟೇ. ಆ ಒಂದು ಕೆಲಸವನ್ನು ಮತ್ತೆ ಮತ್ತೆ ಅಳೆಯುತ್ತೇನೆ.

ವ್ಯತ್ಯಾಸ ಅಂದರೆ ತಪ್ಪು ತಾನೇ? ಸರಿಯಾದ ರೀತಿ ಒಂದೇ ಇರುತ್ತದೆ ಅಲ್ವಾ?

ನಾನೂ ಹಾಗೇ ನಂಬಿದ್ದೆ. ಕಾಲೇಜಿನಲ್ಲಿ ನಮಗೆ ಕಲಿಸಿದ್ದೂ ಹಾಗೇ. ಸರಿಯಾದ ನಡಿಗೆ ಒಂದು ಚಿತ್ರದಲ್ಲಿರುತ್ತಿತ್ತು, ರೋಗಿಯನ್ನು ಆ ಚಿತ್ರದ ಹತ್ತಿರ ತರುವುದೇ ನಮ್ಮ ಕೆಲಸ ಆಗಿತ್ತು.

ಈ ನಂಬಿಕೆಯನ್ನು ಅಲುಗಾಡಿಸಿದವರು ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಸೋವಿಯತ್ ವಿಜ್ಞಾನಿ. ಹುಟ್ಟಿದ್ದು 1896ರಲ್ಲಿ, ತೀರಿಕೊಂಡಿದ್ದು 1966ರಲ್ಲಿ. 1920ರ ದಶಕದಲ್ಲಿ ಅವರು ಮಾಸ್ಕೋದ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿದ್ದರು. ಕಾರ್ಖಾನೆಯ ಕೆಲಸಗಾರರಿಗೆ ಸುತ್ತಿಗೆ ಹೊಡೆಯುವ ಅತಿ ಒಳ್ಳೆಯ ರೀತಿಯನ್ನು ಕಲಿಸಬೇಕು ಎಂಬುದು ಆ ಸಂಸ್ಥೆಯ ಆಸೆ. ಅದಕ್ಕಾಗಿ ಬರ್ನ್‌ಸ್ಟೈನ್ ಕೆಲಸಗಾರರ ತೋಳಿಗೂ ಸುತ್ತಿಗೆಗೂ ಪುಟ್ಟ ಬಲ್ಬುಗಳನ್ನು ಕಟ್ಟಿ, ಬೆಳಕಿನ ಗೆರೆಗಳನ್ನು ಫೋಟೋ ತೆಗೆದರು. ವರ್ಷಗಟ್ಟಲೆ ಸುತ್ತಿಗೆ ಹಿಡಿದ ಪಳಗಿದ ಕೈಗಳು ಅವು. ಹೊಡೆತ ಬೀಳಬೇಕಾದ ಜಾಗಕ್ಕೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಹೊಡೆತಕ್ಕೂ ಬೇರೆ ಬೇರೆ ದಾರಿ ಹಿಡಿದಿದ್ದವು. ಸುತ್ತಿಗೆಯ ತುದಿಯಲ್ಲಿ ಕಂಡ ವ್ಯತ್ಯಾಸ ಕಡಿಮೆ, ಕೀಲುಗಳಲ್ಲಿ ಕಂಡದ್ದು ಜಾಸ್ತಿ.

ಇದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ, ಒಂದು ನಿಮಿಷ ಯೋಚಿಸಿ. ಒಂದೊಂದು ಕೀಲೂ ತನ್ನ ಪಾಡಿಗೆ ತಾನು ಅಲ್ಲಾಡಿದ್ದರೆ ಆ ಅಲ್ಲಾಟವೆಲ್ಲ ಸೇರಿ ಸುತ್ತಿಗೆ ಎಲ್ಲೋ ಬೀಳಬೇಕಿತ್ತು. ಹಾಗಾಗಲಿಲ್ಲ. ಭುಜ ಸ್ವಲ್ಪ ಜಾಸ್ತಿ ಎತ್ತಿದರೆ ಮೊಣಕೈ ಅದನ್ನು ಸರಿದೂಗಿಸುತ್ತಿತ್ತು. ಅಂದರೆ ಕೀಲುಗಳು ಒಂದನ್ನೊಂದು ನೋಡಿಕೊಳ್ಳುತ್ತವೆ. ಅಭ್ಯಾಸ ಅಂದರೆ ಒಂದೇ ಚಲನೆಯನ್ನು ಅಚ್ಚು ಹಾಕುವುದಲ್ಲ, ಅದೇ ಸಮಸ್ಯೆಯನ್ನು ಪ್ರತಿ ಸಲ ಹೊಸದಾಗಿ ಬಿಡಿಸುವುದು ಎಂದು ಬರ್ನ್‌ಸ್ಟೈನ್ ಹೇಳಿದರು. ನನ್ನ ಇಡೀ ಥೀಸಿಸ್ ನಿಂತಿರುವುದು ಈ ಮಾತಿನ ಮೇಲೆ.

ಇದಕ್ಕೆ ಕನ್ನಡದಲ್ಲಿ ಏನೆಂದು ಹೇಳುತ್ತೀರಿ?

ಈ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿದೆ. ಪ್ರಯೋಗಕ್ಕೆ ಬರುವವರಿಗೆ ಕನ್ನಡದಲ್ಲಿ ಒಪ್ಪಿಗೆ ಪತ್ರ ಕೊಡಬೇಕು. ಮೊದಲ ಪ್ರತಿಯಲ್ಲಿ ನಾನು "ಚಲನೆಯ ಅಸ್ಥಿರತೆ" ಎಂದು ಬರೆದಿದ್ದೆ. ಅದನ್ನು ಓದಿಸಿಕೊಂಡ ಒಬ್ಬ ಅಜ್ಜಿ "ಹಾಗಾದ್ರೆ ನನ್ನ ಕೈ ಇನ್ನು ನೆಟ್ಟಗಾಗಲ್ಲ ಅಂತ ಬರೆದಿದ್ದೀಯೇನಪ್ಪಾ?" ಎಂದು ಕೇಳಿದರು. ನನಗೆ ಬೇಜಾರಾಯಿತು. ಅವತ್ತೇ ಅದನ್ನು ಬದಲಾಯಿಸಿದೆ.

ಆದರೆ ಬೇರೆ ಪದ ಹುಡುಕುವುದೂ ಸುಲಭವಾಗಿರಲಿಲ್ಲ. "ಏರುಪೇರು" ಅಂದರೆ ಆರೋಗ್ಯ ಕೆಟ್ಟಿದೆ ಎಂಬ ಅರ್ಥ ಬರುತ್ತದೆ. "ಹೆಚ್ಚುಕಡಿಮೆ" ಅಂದರೂ ಅದೇ ಕಥೆ. "ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಹೊಣೆ?" ಅಂತೀವಲ್ಲ. ಎರಡು ಸಲ ಒಂದೇ ಥರ ಇಲ್ಲದಿದ್ದರೆ ಏನೋ ಕೆಟ್ಟಿದೆ ಎಂಬ ಭಾವನೆ ಮಾತಿನೊಳಗೇ ಕೂತಿದೆ. ಕೊನೆಗೆ "ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕಾಣುವ ವ್ಯತ್ಯಾಸ" ಎಂದು ಉದ್ದಕ್ಕೇ ಬರೆದೆ. ಆ ಮೇಲೆ ಯಾರೂ ಹೆದರಲಿಲ್ಲ.

ಹಾಗಾದರೆ ಎಲ್ಲ ವ್ಯತ್ಯಾಸವೂ ಒಳ್ಳೆಯದೇ?

ಖಂಡಿತ ಅಲ್ಲ. ಒಂದು ಲೆಕ್ಕ ಹೇಳುತ್ತೇನೆ. ಅಣ್ಣ ತಮ್ಮ ಇಬ್ಬರೂ ಸೇರಿ ಪ್ರತಿ ತಿಂಗಳು ಅಮ್ಮನ ಕೈಗೆ 10,000 ರೂಪಾಯಿ ಕೊಡಬೇಕು. ಒಂದು ತಿಂಗಳು ಅಣ್ಣ 6,000, ತಮ್ಮ 4,000. ಮುಂದಿನ ತಿಂಗಳು ಅಣ್ಣನಿಗೆ ಕಷ್ಟ, ಅವನು 3,000 ಕೊಟ್ಟ, ತಮ್ಮ 7,000 ಹಾಕಿದ. ಇಬ್ಬರ ಲೆಕ್ಕವೂ ಪ್ರತಿ ತಿಂಗಳು ಬೇರೆ. ಆದರೂ ಮನೆ ನಡೆಯುತ್ತದೆ. ಇದು ಒಳ್ಳೆಯ ವ್ಯತ್ಯಾಸ. ಒಂದೇ ತಿಂಗಳು ಇಬ್ಬರೂ 3,000 ಕೊಟ್ಟರೆ ಅಮ್ಮನಿಗೆ ತೊಂದರೆ. ಅದು ಕೆಟ್ಟ ವ್ಯತ್ಯಾಸ.

ಕೀಲುಗಳೂ ಹಾಗೆಯೇ. ಲೋಟ ನೇರವಾಗಿ ಬಾಯಿಗೆ ಬರುವಂತೆ ಭುಜ, ಮೊಣಕೈ, ಮಣಿಕಟ್ಟು ಹೊಂದಿಸಿಕೊಂಡರೆ ಅದು ಮೊದಲ ಜಾತಿ. ಲೋಟವೇ ಅಲ್ಲಾಡಿ ನೀರು ಚೆಲ್ಲಿದರೆ ಎರಡನೆಯದು. 1999ರಲ್ಲಿ ಜಾನ್ ಶೋಲ್ಜ್ ಮತ್ತು ಗ್ರೆಗರ್ ಶೋನರ್ ಈ ಎರಡನ್ನೂ ಲೆಕ್ಕ ಹಾಕಿ ಬೇರೆ ಮಾಡುವ ವಿಧಾನ ಕೊಟ್ಟರು. ಅವರು ನೋಡಿದ್ದು ಕುರ್ಚಿಯಿಂದ ಏಳುವ ಕೆಲಸವನ್ನು. ಮೈಯ ತೂಕದ ಕೇಂದ್ರವನ್ನು ಕೆಡಿಸದ ವ್ಯತ್ಯಾಸವೇ ಅಲ್ಲಿ ಜಾಸ್ತಿ ಇತ್ತು. ನಾನು ಲೋಟದ ಕೆಲಸಕ್ಕೆ ಬಳಸುವುದೂ ಇದೇ ವಿಧಾನ.

ಈ ವ್ಯತ್ಯಾಸ ಬರುವುದು ಎಲ್ಲಿಂದ?

ಸ್ವಲ್ಪ ಭಾಗ ನರ ಮತ್ತು ಸ್ನಾಯುಗಳ ಗದ್ದಲದಿಂದ, ಅಂದರೆ ಅವುಗಳ ಸಂಕೇತದಲ್ಲಿ ತಾನಾಗಿ ಆಗುವ ಏರಿಳಿತದಿಂದ. ಜೋರಾಗಿ ಬಲ ಹಾಕಿದಷ್ಟೂ ಆ ಗದ್ದಲ ಜಾಸ್ತಿಯಾಗುತ್ತದೆ. 1998ರಲ್ಲಿ ಕ್ರಿಸ್ ಹ್ಯಾರಿಸ್ ಮತ್ತು ಡೇನಿಯಲ್ ವೋಲ್ಪರ್ಟ್ ಈ ಒಂದು ಸಂಗತಿಯಿಂದಲೇ ಕೈ ಮತ್ತು ಕಣ್ಣಿನ ಚಲನೆ ಯಾಕೆ ಅಷ್ಟು ನಯವಾಗಿರುತ್ತದೆ ಎಂದು ವಿವರಿಸಿದರು. ಇನ್ನೊಂದು ಭಾಗ ಮಿದುಳಿನಿಂದಲೇ ಬರುತ್ತದೆ. ಕೋತಿಗಳ ಮೇಲೆ ನಡೆದ 2006ರ ಒಂದು ಪ್ರಯೋಗದಲ್ಲಿ, ಕೈ ಚಾಚುವ ವೇಗದ ಏರಿಳಿತದಲ್ಲಿ ಸುಮಾರು ಅರ್ಧದಷ್ಟು ಕೈ ಅಲ್ಲಾಡುವ ಮೊದಲೇ, ಮಿದುಳು ಸಿದ್ಧತೆ ಮಾಡಿಕೊಳ್ಳುವ ಹೊತ್ತಿಗೇ ಕಾಣುತ್ತಿತ್ತು.

ನನಗೆ ತುಂಬ ಇಷ್ಟವಾದ ಉದಾಹರಣೆ ಮಾತ್ರ ಹಕ್ಕಿಯದು. ಝೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯಲ್ಲಿ ಗಂಡು ಮರಿ ದೊಡ್ಡವರನ್ನು ಕೇಳಿ ಹಾಡು ಕಲಿಯುತ್ತದೆ. ಒಂಟಿಯಾಗಿದ್ದಾಗ ಹಾಡಿದರೆ ಸ್ವರ ಸ್ವಲ್ಪ ಆಚೀಚೆ ಆಗುತ್ತದೆ. ಹೆಣ್ಣು ಹಕ್ಕಿಯ ಎದುರು ಹಾಡುವಾಗ ಅದೇ ಹಾಡು ಗಟ್ಟಿಯಾಗಿ, ಹಿಡಿತದಲ್ಲಿ ಬರುತ್ತದೆ. ಆ ಆಚೀಚೆಯನ್ನು ತರುವ ಭಾಗವೊಂದು ಅದರ ಮಿದುಳಿನಲ್ಲಿದೆ. ಮರಿಯಲ್ಲಿ ಆ ಭಾಗವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿದರೆ ಹಾಡಿನ ಚೆಲ್ಲಾಟವೇ ನಿಂತುಹೋಗುತ್ತದೆ. ಅಂದರೆ ವ್ಯತ್ಯಾಸವನ್ನು ಹುಟ್ಟಿಸಲೆಂದೇ ಮಿದುಳು ಜಾಗ ಇಟ್ಟುಕೊಂಡಿದೆ! "ಹಾಡ್ತಾ ಹಾಡ್ತಾ ರಾಗ" ಎಂದು ನಾವು ಹೇಳುವುದು ಹಕ್ಕಿಗೂ ಸಲ್ಲುತ್ತದೆ.

ಕಲಿಯುವುದಕ್ಕೂ ಇದಕ್ಕೂ ಏನು ಸಂಬಂಧ?

ಬೇರೆ ಬೇರೆ ರೀತಿ ಮಾಡಿ ನೋಡಿದರೆ ತಾನೇ ಯಾವುದು ಚೆನ್ನಾಗಿದೆ ಎಂದು ಗೊತ್ತಾಗುವುದು? 2007ರಲ್ಲಿ ಎವ್ರೆನ್ ಟ್ಯೂಮರ್ ಮತ್ತು ಮೈಕಲ್ ಬ್ರೈನಾರ್ಡ್ ಬೆಂಗಾಲಿ ಫಿಂಚ್ ಹಕ್ಕಿಗಳ ಮೇಲೆ ಇದನ್ನು ತೋರಿಸಿದರು. ಹಕ್ಕಿಯ ಒಂದು ಸ್ವರ ಒಂದು ಮಟ್ಟಕ್ಕಿಂತ ಈಚೆ ಬಂದರೆ ಕರ್ಕಶ ಸದ್ದು ಕೇಳಿಸುತ್ತಿದ್ದರು. ಹಕ್ಕಿ ನಿಧಾನವಾಗಿ ಸ್ವರವನ್ನು ಆ ಮಟ್ಟದಿಂದ ದೂರ ಸರಿಸಿತು. ಸ್ವರದಲ್ಲಿ ಸ್ವಲ್ಪವೂ ಆಚೀಚೆ ಇಲ್ಲದಿದ್ದರೆ ಸರಿಸುವುದಕ್ಕೆ ದಾರಿಯೇ ಇರುತ್ತಿರಲಿಲ್ಲ.

ಮನುಷ್ಯರ ವಿಷಯ ಅಷ್ಟು ಸರಳವಲ್ಲ. 2014ರಲ್ಲಿ ಹಾರ್ವರ್ಡ್‌ನ ತಂಡವೊಂದು, ಮೊದಲಿನಿಂದಲೇ ಚಲನೆಯಲ್ಲಿ ವ್ಯತ್ಯಾಸ ಜಾಸ್ತಿ ಇದ್ದವರು ಬೇಗ ಕಲಿತರು ಎಂದು ಹೇಳಿತು. ಎರಡು ವರ್ಷದ ನಂತರ ಇನ್ನೊಂದು ತಂಡ ಹಲವು ಪ್ರಯೋಗಗಳ ಮಾಹಿತಿ ಸೇರಿಸಿ ನೋಡಿದಾಗ ಈ ಸಂಬಂಧ ಎಲ್ಲ ಕಡೆ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡೂ ಕೆಲಸ ಒಳ್ಳೆಯದೇ. ವ್ಯತ್ಯಾಸ ಎಷ್ಟಿದೆ ಎನ್ನುವುದಕ್ಕಿಂತ ಅದು ಕಲಿಯಬೇಕಾದ ಕೆಲಸದ ದಿಕ್ಕಿನಲ್ಲಿ ಇದೆಯೇ, ಅದನ್ನು ಮಿದುಳು ಬಳಸಿಕೊಳ್ಳಬಲ್ಲದೇ ಎಂದು ಕೇಳಬೇಕು.

ಒಂದೇ ವ್ಯಾಯಾಮವನ್ನು ನೂರು ಸಲ ಮಾಡಿದರೆ ಸಾಲದಾ?

ಲಗೋರಿ ಆಡಿದ್ದೀರಲ್ಲ? ಮಕ್ಕಳು ಒಂದೇ ಗೆರೆಯ ಮೇಲೆ ನಿಂತು ಒಂದೇ ದೂರದಿಂದ ಎಸೆದು ಕಲಿಯುವುದು ಒಂದು ರೀತಿ. ಸ್ವಲ್ಪ ಹತ್ತಿರದಿಂದ, ಸ್ವಲ್ಪ ದೂರದಿಂದ ಎಸೆದು ಕಲಿಯುವುದು ಇನ್ನೊಂದು. 1978ರಲ್ಲಿ ಕರ್ ಮತ್ತು ಬೂತ್ ಎಂಬ ಇಬ್ಬರು ಇಂಥದ್ದೇ ಪ್ರಯೋಗ ಮಾಡಿದರು. ಮಕ್ಕಳು ಕಾಳು ತುಂಬಿದ ಪುಟ್ಟ ಚೀಲವನ್ನು ಗುರಿಗೆ ಎಸೆಯಬೇಕಿತ್ತು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿಯಿಂದ ಮಾತ್ರ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಯಿಂದ ಮಾಡಿತು, 3 ಅಡಿಯನ್ನು ಮುಟ್ಟಲೇ ಇಲ್ಲ. ಪರೀಕ್ಷೆ ಮಾಡಿದ್ದು 3 ಅಡಿಯಿಂದ. ಗೆದ್ದಿದ್ದು ಎರಡನೇ ಗುಂಪು.

ಮರು ವರ್ಷ ಶೀ ಮತ್ತು ಮಾರ್ಗನ್ ಎಂಬುವರು ಮತ್ತೊಂದು ಸಂಗತಿ ತೋರಿಸಿದರು. ಮೂರು ಬೇರೆ ಕೆಲಸಗಳನ್ನು ಒಂದೊಂದಾಗಿ ಮುಗಿಸಿ ಕಲಿತವರು ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡಿದರು. ಕಲಸಿ ಕಲಸಿ ಅಭ್ಯಾಸ ಮಾಡಿದವರು ಆಗ ತಡವರಿಸಿದರು. ಆದರೆ ಆಮೇಲೆ ಪರೀಕ್ಷಿಸಿದಾಗ ಕಲಸಿ ಕಲಿತವರಲ್ಲೇ ಕಲಿಕೆ ಉಳಿದಿತ್ತು. ಇವತ್ತು ಚೆನ್ನಾಗಿ ಮಾಡುವುದು ಬೇರೆ, ನಾಳೆಗೆ ಉಳಿಯುವುದು ಬೇರೆ. ಫಿಸಿಯೋ ಓದುತ್ತಿರುವವರು ಇದೊಂದನ್ನು ಮರೆಯಬಾರದು ಎಂದು ನನ್ನ ಆಸೆ. ಹಾಗೆಂದು ಇದು ಎಲ್ಲರಿಗೂ, ಎಲ್ಲ ಕೆಲಸಕ್ಕೂ ಒಂದೇ ಥರ ಒಪ್ಪುವುದಿಲ್ಲ. ಕೆಲಸ ತುಂಬ ಕಷ್ಟವಾಗಿದ್ದರೆ ಮೊದಲು ಒಂದೇ ಥರ ಮಾಡಿ ಸ್ವಲ್ಪ ಕೈ ಕುದುರಿಸಿಕೊಳ್ಳುವುದೇ ಸರಿ. ಲಕ್ವದ ನಂತರದ ಕೈಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಲಕ್ವ ಹೊಡೆದರೆ ಈ ವ್ಯತ್ಯಾಸಕ್ಕೆ ಏನಾಗುತ್ತದೆ?

ಒಂದು ಕಡೆ ಹೆಚ್ಚುತ್ತದೆ, ಇನ್ನೊಂದು ಕಡೆ ಕಳೆದುಹೋಗುತ್ತದೆ. ಲೋಟ ಹಿಡಿದ ಕೈ ಅಲ್ಲಾಡುತ್ತದೆ, ಗುರಿ ತಪ್ಪುತ್ತದೆ. ಇದು ಹೆಚ್ಚಿದ ಭಾಗ, ಎಲ್ಲರ ಕಣ್ಣಿಗೂ ಬೀಳುತ್ತದೆ. ಕಳೆದುಹೋಗಿದ್ದು ಮಾತ್ರ ಬೇಗ ಕಾಣುವುದಿಲ್ಲ. ಮೊದಲು ಭುಜ, ಮೊಣಕೈ, ಬೆರಳು ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದವು. ಈಗ ಭುಜ ಎತ್ತಿದರೆ ಮೊಣಕೈ ತಾನಾಗಿ ಮಡಚುತ್ತದೆ, ಬೆರಳು ಮುಷ್ಟಿಯಾಗುತ್ತದೆ. ಮೂರೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ಅಣ್ಣ ತಮ್ಮ ಒಬ್ಬರಿಗೊಬ್ಬರು ಸರಿದೂಗಿಸುತ್ತಿದ್ದ ದಾರಿ ಮುಚ್ಚಿಹೋಯಿತು. ಆಗ ಜನ ಸೊಂಟದಿಂದ ಮುಂದೆ ಬಾಗಿ ಲೋಟ ಹಿಡಿಯುತ್ತಾರೆ. ಅದು ಸೋಮಾರಿತನ ಅಲ್ಲ, ಉಳಿದಿರುವ ದಾರಿ ಅದೊಂದೇ.

ನಡಿಗೆಯಲ್ಲೂ ಎರಡೂ ಮುಖ ಇವೆ. ಆರೋಗ್ಯವಂತರ ಹೆಜ್ಜೆಯ ಸಮಯ ಹೆಜ್ಜೆಯಿಂದ ಹೆಜ್ಜೆಗೆ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯಲ್ಲಿ ಒಂದು ಲಯ ಇದೆ, ಈಗಿನ ಹೆಜ್ಜೆಗೂ ತುಂಬ ಹಿಂದಿನ ಹೆಜ್ಜೆಗೂ ನಂಟು ಇರುತ್ತದೆ. 1995ರಲ್ಲಿ ಜೆಫ್ರಿ ಹೌಸ್‌ಡಾರ್ಫ್ ಮತ್ತು ಜೊತೆಗಾರರು ಇದನ್ನು ತೋರಿಸಿದರು. ವಯಸ್ಸಾದಾಗ ಮತ್ತು ಕೆಲವು ನರ ರೋಗಗಳಲ್ಲಿ ಆ ನಂಟು ಸಡಿಲವಾಗುತ್ತದೆ. 2001ರಲ್ಲಿ ಅದೇ ತಂಡ ಹಿರಿಯರನ್ನು ಒಂದು ವರ್ಷ ಗಮನಿಸಿತು. ಹೆಜ್ಜೆಯ ಸಮಯದಲ್ಲಿ ಏರಿಳಿತ ಜಾಸ್ತಿ ಇದ್ದವರು ಬೀಳುವುದೂ ಜಾಸ್ತಿ ಎಂದು ಕಂಡಿತು. ಪಾರ್ಕಿನ್ಸನ್ಸ್ ಇರುವವರಲ್ಲೂ ಹೆಜ್ಜೆಯ ಸಮಯ ಹೀಗೆ ಏರಿಳಿಯುತ್ತದೆ. ಆದ್ದರಿಂದ "ವ್ಯತ್ಯಾಸ ಒಳ್ಳೆಯದು" ಎಂದು ಯಾರಾದರೂ ಒಂದೇ ಮಾತಿನಲ್ಲಿ ಹೇಳಿದರೆ ನಂಬಬೇಡಿ.

ನಮ್ಮ ಅಪ್ಪನಿಗೆ ಲಕ್ವ ಹೊಡೆದಿದೆ. ದಿನಕ್ಕೆ ಎಷ್ಟು ಸಲ ವ್ಯಾಯಾಮ ಮಾಡಿಸಬೇಕು?

ಅವರನ್ನು ನೋಡುತ್ತಿರುವ ವೈದ್ಯರು ಮತ್ತು ಫಿಸಿಯೋ ಹೇಳಿದ್ದೇ ಮೊದಲು. ನಾನು ಹೇಳುವುದು ಸಂಶೋಧನೆಯಿಂದ ಗೊತ್ತಾಗಿರುವುದು ಮಾತ್ರ.

2009ರಲ್ಲಿ ಕ್ಯಾಥರೀನ್ ಲ್ಯಾಂಗ್ ಮತ್ತು ಜೊತೆಗಾರರು ಅಮೆರಿಕ, ಕೆನಡಾದಲ್ಲಿ 312 ಚಿಕಿತ್ಸಾ ಅವಧಿಗಳನ್ನು ಕೂತು ನೋಡಿದರು. ಕೈಯಿಂದ ನಿಜವಾದ ಕೆಲಸ ಮಾಡಿಸಿದ ಅವಧಿಗಳಲ್ಲೂ ಸರಾಸರಿ 32 ಸಲ ಮಾತ್ರ ಮಾಡಿಸಿದ್ದರು. ಪ್ರಾಣಿಗಳ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ದಿನಕ್ಕೆ ನೂರಾರು ಸಲ ಬೇಕಾಗಿತ್ತು. ಹಾಗಾದರೆ ಎಣಿಕೆ ಹೆಚ್ಚಿಸಿದರೆ ಸಾಕೇ? ಲ್ಯಾಂಗ್ ಅವರೇ 2016ರಲ್ಲಿ ಅದನ್ನೂ ಪರೀಕ್ಷಿಸಿದರು. ಲಕ್ವ ಆಗಿ ತುಂಬ ಕಾಲವಾದ 85 ಜನರಲ್ಲಿ ಕೆಲವರಿಗೆ ಒಟ್ಟು 3,200 ಸಲ, ಕೆಲವರಿಗೆ 6,400, ಕೆಲವರಿಗೆ 9,600 ಸಲ ಮಾಡಿಸಿದರು. ಎಣಿಕೆ ಹೆಚ್ಚಿದ ಹಾಗೆ ಫಲವೂ ಹೆಚ್ಚಲಿಲ್ಲ. ನನ್ನ ಕೆಲಸ ಶುರುವಾಗಿದ್ದು ಇಲ್ಲಿಂದಲೇ. ಎಷ್ಟು ಸಲ ಎಂಬುದರ ಜೊತೆಗೆ ಪ್ರತಿ ಸಲ ಏನು ಬದಲಾಯಿತು ಎಂಬುದನ್ನೂ ಕೇಳಬೇಕು ಎಂದು ನನಗೆ ಅನಿಸಿತು.

ಇನ್ನೊಂದು ಎಚ್ಚರಿಕೆ. ಲಕ್ವ ಆದ 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ನಡೆಸಿದರೆ ಬೇಗ ಗುಣವಾಗುತ್ತದೆ ಎಂದು ಹಲವರು ನಂಬಿದ್ದರು. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ಪ್ರಯೋಗದಲ್ಲಿ 2,104 ಜನರಿದ್ದರು. ಹಾಗೆ ಬಹಳ ಬೇಗ, ಬಹಳ ಜಾಸ್ತಿ ಎಬ್ಬಿಸಿದವರಲ್ಲಿ ಮೂರು ತಿಂಗಳ ನಂತರದ ಫಲ ಸ್ವಲ್ಪ ಕಡಿಮೆಯೇ ಇತ್ತು. ಆಸ್ಪತ್ರೆಯ ಮೊದಲ ದಿನಗಳಲ್ಲಿ ನೀವಾಗಿಯೇ ಏನನ್ನೂ ಜಾಸ್ತಿ ಮಾಡಿಸಬೇಡಿ.

ಮೂರು ತಿಂಗಳಾದ ಮೇಲೆ ಇನ್ನೇನೂ ಆಗಲ್ಲ ಅಂತಾರೆ. ನಿಜವೇ?

ಈ ಮಾತು ಕೇಳಿ ಎಷ್ಟೋ ಮನೆಗಳು ಕೈಚೆಲ್ಲುತ್ತವೆ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ತಾನಾಗಿಯೇ ಆಗುವ ಚೇತರಿಕೆಯ ಬಹುಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತದೆ ಎಂಬುದು ನಿಜ. ಆಮೇಲೆ ಕಲಿಕೆಯೇ ನಿಂತುಬಿಡುತ್ತದೆ ಎಂಬುದು ನಿಜವಲ್ಲ.

ಅಮೆರಿಕದಲ್ಲಿ ನಡೆದ ಎಕ್ಸೈಟ್ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಲಕ್ವ ಆಗಿ 3ರಿಂದ 9 ತಿಂಗಳಾದ 222 ಜನ ಅದರಲ್ಲಿದ್ದರು. ಚಿಕಿತ್ಸೆ ಪಡೆದ ಗುಂಪಿನವರು ಎರಡು ವಾರ ಎಚ್ಚರವಿದ್ದ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿಕೊಂಡು, ಸೋತ ಕೈಯಿಂದಲೇ ಕೆಲಸ ಮಾಡಿದರು. ಆ ಗುಂಪಿನಲ್ಲಿ ಕಂಡ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಡಿಸಲು ಬರುವವರಿಗೆ ಮಾತ್ರ ಇದು ಆಗುತ್ತದೆ, ಅದನ್ನು ಮರೆಯಬೇಡಿ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ಮೂರು ವಾರದಲ್ಲಿ 90 ಗಂಟೆ ಕೈಯ ಚಿಕಿತ್ಸೆ ಕೊಡುತ್ತಾರೆ. ಬಂದವರಲ್ಲಿ ಹೆಚ್ಚಿನವರಿಗೆ ಲಕ್ವ ಆಗಿ ಒಂದು ವರ್ಷದ ಮೇಲಾಗಿತ್ತು. 2019ರಲ್ಲಿ ಅವರು ಕೊಟ್ಟ ವರದಿಯಲ್ಲಿ ಒಳ್ಳೆಯ ಸುಧಾರಣೆ ಕಂಡಿದೆ. ಆದರೆ ಅದರಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ.

ಮನೆಯಲ್ಲಿ ಅಭ್ಯಾಸವನ್ನು ಬದಲಾಯಿಸುತ್ತಾ ಮಾಡಿಸುವುದು ಹೇಗೆ?

ಇಲ್ಲಿ ನನ್ನ ಅಜ್ಜಿಯ ಕಥೆ ಹೇಳಬೇಕು. ಅಜ್ಜಿ ದಿನಾ ಸಂಜೆ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಲಕ್ವ ಹೊಡೆದಾಗ ಎಡಗೈ ಹೋಯಿತು. ಒಂದು ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಪ್ಲಾಸ್ಟಿಕ್ ಕೋನ್‌ಗಳನ್ನು ಒಂದರ ಮೇಲೊಂದು ಇಡಿಸುತ್ತಿದ್ದರು, ದಿನಾ ಅದೇ ಮೇಜು, ಅದೇ ಕೋನ್, ಅದೇ ಎತ್ತರ. ಅಜ್ಜಿ ಎರಡು ವಾರ ಮಾಡಿ ಬಿಟ್ಟುಬಿಟ್ಟರು. "ಇದನ್ನ ಮಾಡಿ ಏನಾಗ್ಬೇಕು ಮಗಾ" ಎಂದರು. ನಾನಾಗ ಫಿಸಿಯೋ ಮೂರನೇ ವರ್ಷ. ಕೋನ್ ಮುಖ್ಯ ಎಂದು ಅಜ್ಜಿಗೇ ಬೈದೆ. ಒಂದು ಸಂಜೆ ಅಮ್ಮ ಹೂವಿನ ಬುಟ್ಟಿ ತಂದು ಅವರ ಎಡಗಡೆ ಇಟ್ಟರು, ಬಿಡಿಸಿಕೊಡಿ ಎಂದರು. ಅಜ್ಜಿ ಸೋತ ಕೈಯನ್ನು ಬುಟ್ಟಿಯೊಳಗೆ ಹಾಕಿದರು.

ಎಷ್ಟೋ ವರ್ಷದ ನಂತರ ಅದರ ಹಿಂದಿನ ವಿಜ್ಞಾನ ಓದಿದೆ. ಎರಡನೇ ಮಹಾಯುದ್ಧದಲ್ಲಿ ತೋಳಿಗೆ ಗಾಯವಾದ ಸೋವಿಯತ್ ಸೈನಿಕರನ್ನು ಲಿಯೊಂಟಿಯೆವ್ ಮತ್ತು ಜಪೊರೊಜೆಟ್ಸ್ ಎಂಬ ಮನಶ್ಶಾಸ್ತ್ರಜ್ಞರು ಗಮನಿಸಿದ್ದರು. ಸುಮ್ನೆ "ಕೈ ಎತ್ತು" ಎಂದರೆ ಎತ್ತುವ ಎತ್ತರಕ್ಕಿಂತ, ಒಂದು ವಸ್ತುವನ್ನು ತೆಗೆದುಕೋ ಎಂದಾಗ ಅದೇ ಕೈ ಜಾಸ್ತಿ ಮೇಲೆ ಹೋಗುತ್ತಿತ್ತು. ಗಾಯ ಅದೇ, ಕೈ ಅದೇ. ಬದಲಾಗಿದ್ದು ಕೆಲಸ.

ಆದ್ದರಿಂದ ಮೊದಲು ಅವರಿಗೆ ಬೇಕಾದ ಕೆಲಸವನ್ನು ಹುಡುಕಿ. ಆಮೇಲೆ ಅದರೊಳಗೆ ಸಣ್ಣ ಬದಲಾವಣೆ ತನ್ನಿ. ಲೋಟ ಹಿಡಿಯುವುದಾದರೆ ಖಾಲಿ ಲೋಟ, ಅರ್ಧ ತುಂಬಿದ ಲೋಟ, ದಪ್ಪ ಲೋಟ, ಸಣ್ಣ ಲೋಟ. ಒಮ್ಮೆ ನೇರ ಎದುರಿಗೆ ಇಡಿ, ಒಮ್ಮೆ ಸ್ವಲ್ಪ ಪಕ್ಕಕ್ಕೆ. ನಿಂಬೆಹಣ್ಣು, ಬಟಾಣಿ ಕಾಯಿ, ಮಡಚಿದ ಟವೆಲ್ ಹೀಗೆ ಹಿಡಿತ ಬದಲಾಗುವ ವಸ್ತುಗಳು ಮನೆ ತುಂಬ ಇವೆ. ಚಪಾತಿ ಹಿಟ್ಟು ನಾದುವುದು ನನಗೆ ತುಂಬ ಇಷ್ಟದ ಅಭ್ಯಾಸ, ಯಾಕೆಂದರೆ ಹಿಟ್ಟು ಪ್ರತಿ ನಿಮಿಷ ಬೇರೆಯಾಗುತ್ತದೆ. ಎರಡು ಮೂರು ಸಲವಾದರೂ ಕೆಲಸ ಕೈಗೂಡುವಷ್ಟು ಸುಲಭ ಇರಲಿ. ಸೋಲೇ ಸೋಲಾದರೆ ಯಾರೂ ಮುಂದುವರಿಸುವುದಿಲ್ಲ. ಬಿಸಿ ಕಾಫಿ, ಚಾಕು, ಗಾಜು ಬೇಡ. ಸೋತ ಕೈಗೆ ಬಿಸಿ ಗೊತ್ತಾಗದೇ ಇರಬಹುದು. ನಡೆಯುವ ಅಭ್ಯಾಸದಲ್ಲಿ ಬದಲಾವಣೆ ತರುವುದಾದರೆ ಮಾತ್ರ ಫಿಸಿಯೋ ಪಕ್ಕದಲ್ಲೇ ಇರಬೇಕು. ಬಿದ್ದರೆ ತಿಂಗಳುಗಟ್ಟಲೆ ಹಿಂದೆ ಹೋಗುತ್ತೀರಿ.

ತಪ್ಪು ಮಾಡಿದ ತಕ್ಷಣ ತಿದ್ದಬೇಕಾ?

ಮನೆಯವರು ಪ್ರೀತಿಯಿಂದಲೇ "ಹಾಗಲ್ಲ, ಹೀಗೆ" ಎಂದು ಪ್ರತಿ ಸಲ ಹೇಳುತ್ತಾರೆ. ಸ್ವಲ್ಪ ತಡೆಯಿರಿ. 1990ರಲ್ಲಿ ಕ್ಯಾರೊಲೀ ವಿನ್‌ಸ್ಟೈನ್ ಮತ್ತು ರಿಚರ್ಡ್ ಸ್ಮಿಟ್ ಆರೋಗ್ಯವಂತರಲ್ಲಿ ಒಂದು ಪ್ರಯೋಗ ಮಾಡಿದರು. ಪ್ರತಿ ಸಲವೂ ಫಲಿತಾಂಶ ಹೇಳಿಸಿಕೊಂಡವರಿಗಿಂತ ಅರ್ಧದಷ್ಟು ಸಲ ಮಾತ್ರ ಹೇಳಿಸಿಕೊಂಡವರಲ್ಲಿ ಕಲಿಕೆ ಚೆನ್ನಾಗಿ ಉಳಿಯಿತು. ಹೇಳುವವರು ಯಾವಾಗಲೂ ಇದ್ದರೆ ಮೈ ತನ್ನ ತಪ್ಪನ್ನು ತಾನೇ ಕೇಳಿಸಿಕೊಳ್ಳುವುದಿಲ್ಲ.

ತಪ್ಪನ್ನು ಬೇಕೆಂದೇ ದೊಡ್ಡದು ಮಾಡಿ ಕಲಿಸುವ ದಾರಿಯೂ ಇದೆ. ಎರಡು ಪಟ್ಟಿ ಇರುವ ಟ್ರೆಡ್‌ಮಿಲ್‌ನಲ್ಲಿ ಒಂದು ಕಾಲಿನ ಪಟ್ಟಿ ವೇಗವಾಗಿ, ಇನ್ನೊಂದು ನಿಧಾನವಾಗಿ ಓಡುತ್ತದೆ. ಕುಂಟು ಇನ್ನೂ ಜಾಸ್ತಿಯಾಗುವ ಹಾಗೆ ಅದನ್ನು ಓಡಿಸಿ, ಆಮೇಲೆ ಎರಡನ್ನೂ ಒಂದೇ ವೇಗಕ್ಕೆ ತಂದರೆ, ಲಕ್ವ ಆದವರ ಹೆಜ್ಜೆ ಸ್ವಲ್ಪ ಹೊತ್ತು ಸಮವಾಗುತ್ತದೆ. 2007ರಲ್ಲಿ ಡಾರ್ಸಿ ರೈಸ್‌ಮನ್, ಏಮಿ ಬ್ಯಾಸ್ಟಿಯನ್ ಮತ್ತಿತರರು ಇದನ್ನು ತೋರಿಸಿದರು. ಇದು ಲ್ಯಾಬಿನ ಕೆಲಸ. ಮನೆಯಲ್ಲಿ ಬೇಡವೇ ಬೇಡ.

ಅಮ್ಮನಿಗೆ ಮರೆವು ಇದೆ. ಹೇಳಿಕೊಟ್ಟಿದ್ದು ನೆನಪಿಲ್ಲದಿದ್ದರೆ ಮೈ ಕಲಿಯುತ್ತದೆಯೇ?

ಕಲಿಯಬಹುದು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಹೊಸ ನೆನಪನ್ನೇ ಉಳಿಸಿಕೊಳ್ಳಲಾಗದ ಒಬ್ಬ ವ್ಯಕ್ತಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬಿಡಿಸುವ ಕೆಲಸ ಕೊಟ್ಟರು. ಮೂರು ದಿನವೂ ಆತ ಅದನ್ನು ಹಿಂದೆ ಮಾಡಿದ್ದೇ ನೆನಪಿಲ್ಲ ಎಂದ. ಕೈ ಮಾತ್ರ ದಿನದಿಂದ ದಿನಕ್ಕೆ ಪಳಗಿತು. ನೆನಪಿಗೂ ಕೈಯ ಕಲಿಕೆಗೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ. ಮರೆವಿನ ಕಾಯಿಲೆಗಳು ಒಂದೇ ಥರ ಇರುವುದಿಲ್ಲ, ಹಾಗಾಗಿ ನಿಮ್ಮ ಅಮ್ಮನ ವಿಷಯ ಅವರ ವೈದ್ಯರನ್ನೇ ಕೇಳಿ. ಆದರೆ "ನೆನಪೇ ಇರಲ್ಲ, ಯಾಕೆ ಮಾಡಿಸೋದು" ಎಂದು ಬಿಡಬೇಡಿ.

ಇದನ್ನೆಲ್ಲ ಅಳೆಯುವುದು ಹೇಗೆ?

ಕೀಲುಗಳ ಮೇಲೆ ಬೆಳಕು ಹೊಳೆಯಿಸುವ ಪುಟ್ಟ ಗುಂಡುಗಳನ್ನು ಅಂಟಿಸುತ್ತೇವೆ. ಸುತ್ತಲಿನ ಕ್ಯಾಮೆರಾಗಳು ಸೆಕೆಂಡಿಗೆ ನೂರಾರು ಸಲ ಅವುಗಳ ಜಾಗ ಗುರುತಿಸುತ್ತವೆ. ಬರ್ನ್‌ಸ್ಟೈನ್ ಅವರ ಬಲ್ಬುಗಳ ಮೊಮ್ಮಕ್ಕಳು ಇವು. ಮೊದಲ ತಿಂಗಳು ಗುಂಡುಗಳು ಉದುರುತ್ತಲೇ ಇದ್ದವು. ಪ್ರಯೋಗಕ್ಕೆ ಬರುವ ಹಿರಿಯರು ಬೆಳಿಗ್ಗೆ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ಈಗ ಹಿಂದಿನ ದಿನವೇ ಫೋನ್ ಮಾಡಿ ಎಣ್ಣೆ ಬೇಡ ಎಂದು ಹೇಳುತ್ತೇನೆ.

ನಡಿಗೆ ಅಳೆಯುವವರಿಗೆ ಒಂದು ಮಾತು. ಟ್ರೆಡ್‌ಮಿಲ್ ಮೇಲೆ ಹೆಜ್ಜೆಯ ವ್ಯತ್ಯಾಸ ತಾನಾಗಿ ಕಡಿಮೆಯಾಗುತ್ತದೆ, ಪಟ್ಟಿಯ ವೇಗವೇ ಲಯ ಕೊಡುತ್ತದಲ್ಲ. ಅದನ್ನು ನೆಲದ ಮೇಲಿನ ನಡಿಗೆಗೆ ಹೋಲಿಸಬೇಡಿ. ಹತ್ತು ಹೆಜ್ಜೆ ಅಳೆದು ವ್ಯತ್ಯಾಸದ ಬಗ್ಗೆ ಬರೆಯಲೂಬೇಡಿ, ನೂರಾರು ಹೆಜ್ಜೆ ಬೇಕು.

ಈ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕೆಂದರೆ?

ಫಿಸಿಯೋಥೆರಪಿ, ಬಯೋಮೆಡಿಕಲ್ ಎಂಜಿನಿಯರಿಂಗ್, ಮನಶ್ಶಾಸ್ತ್ರ, ಕ್ರೀಡಾ ವಿಜ್ಞಾನ ಯಾವ ಬಾಗಿಲಿನಿಂದಲೂ ಬರಬಹುದು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ನಿಮ್ಹಾನ್ಸ್, ಮಣಿಪಾಲದ ಫಿಸಿಯೋಥೆರಪಿ ವಿಭಾಗ ನೋಡಿ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ.

ಗಣಿತಕ್ಕೆ ಹೆದರುವವರು ಜಾಸ್ತಿ. ಸಂಖ್ಯಾಶಾಸ್ತ್ರ ಮತ್ತು ಸ್ವಲ್ಪ ಪ್ರೋಗ್ರಾಮಿಂಗ್ ಬೇಕೇ ಬೇಕು. ನಾನು ಎರಡನ್ನೂ ಸೇರಿದ ಮೇಲೆ ಕಲಿತೆ. ಸೇರುವ ಮುನ್ನ ಒಂದು ವರ್ಷ ರೋಗಿಗಳ ಜೊತೆ ಕಳೆಯಿರಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಯಾವ ಪ್ರಶ್ನೆ ಕೇಳಬೇಕು ಎಂಬುದು ಅಲ್ಲಿ ಸಿಗುತ್ತದೆ.

ವಿಡಿಯೋ ಕಳಿಸಿದರೆ ನೋಡಿ ಹೇಳುತ್ತೀರಾ?

ಇಲ್ಲ. ವಿಡಿಯೋದಲ್ಲಿ ಸ್ನಾಯುವಿನ ಬಿಗಿತ, ಸ್ಪರ್ಶ, ನೋವು ಏನೂ ಗೊತ್ತಾಗುವುದಿಲ್ಲ. ಹತ್ತಿರದ ಫಿಸಿಯೋ ಕೈ ಮುಟ್ಟಿ ನೋಡಲಿ.

ನಿಮ್ಮ ಥೀಸಿಸ್‌ನಿಂದ ಏನು ಗೊತ್ತಾಯಿತು?

ಇನ್ನೂ ಅಳೆಯುತ್ತಿದ್ದೇನೆ, ಲೆಕ್ಕ ಮುಗಿಯುವ ಮೊದಲು ಏನೂ ಹೇಳುವುದು ಸರಿಯಲ್ಲ. ನನ್ನ ಮುಂದಿರುವ ಪ್ರಶ್ನೆ ಹೇಳುತ್ತೇನೆ. ಬದಲಾವಣೆ ತರುವ ಅಭ್ಯಾಸ ಆರೋಗ್ಯವಂತರಿಗೆ ಒಳ್ಳೆಯದು ಎಂಬುದಕ್ಕೆ ಸಾಕಷ್ಟು ಆಧಾರ ಇದೆ. ಲಕ್ವದ ನಂತರ ಯಾರಿಗೆ, ಎಷ್ಟು, ಯಾವ ವಾರದಿಂದ ಶುರು ಮಾಡಬೇಕು ಎಂಬುದು ಅಷ್ಟು ಗಟ್ಟಿಯಾಗಿಲ್ಲ. ಬೆರಳನ್ನೇ ಬಿಡಿಸಲಾಗದವರಿಗೆ ಹತ್ತು ಥರದ ಲೋಟ ಕೊಟ್ಟರೆ ಅದು ಹಿಂಸೆಯಾಗಬಹುದು. ಸ್ವಲ್ಪ ಚೇತರಿಸಿಕೊಂಡವರಿಗೆ ಒಂದೇ ಲೋಟ ಕೊಡುತ್ತಾ ಹೋದರೆ ಅವರು ಆ ಒಂದು ಲೋಟವನ್ನು ಮಾತ್ರ ಕಲಿಯಬಹುದು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕುತ್ತಿದ್ದೇನೆ. ಅದಕ್ಕಾಗಿ ಒಬ್ಬೊಬ್ಬರನ್ನೂ ಹಲವು ವಾರ ಮತ್ತೆ ಮತ್ತೆ ಕರೆಸಿ, ಅದೇ ಸ್ಟೀಲ್ ಲೋಟವನ್ನು ಅವರ ಮುಂದೆ ಇಡುತ್ತೇನೆ.